ಬಾಗುವ ಇಂಜಿನ್‌ನ ಕೀಲಿನಲ್ಲಿ ಹಬೆ ಸೋರುವುದಿಲ್ಲವೇ?

ಪ್ರಶ್ನೆ: ವೇಲ್ಸ್‌ನ ಎರಡಡಿ ಹಳಿಯ ಮೇಲೆ ಓಡುವ ಗ್ಯಾರೆಟ್ ಉಗಿ ಇಂಜಿನ್‌ನ ವಿಡಿಯೊ ನೋಡಿದೆ. ತಿರುವಿನಲ್ಲಿ ಅದು ಮೂರು ತುಂಡು ಮಾಡಿ ಜೋಡಿಸಿದಂತೆ ಬಾಗುತ್ತದೆ. ಅಷ್ಟು ಒತ್ತಡದ ಹಬೆ ಆ ಬಾಗುವ ಜಾಗದಲ್ಲಿ ಸೋರುವುದಿಲ್ಲವೇ? ಫೇರ್ಲಿ, ಮ್ಯಾಲೆಟ್ ಎಂಬ ಬೇರೆ ಬಗೆಗಳೂ ಇವೆಯಂತೆ, ಅವಕ್ಕೂ ಇದಕ್ಕೂ ವ್ಯತ್ಯಾಸವೇನು? ಡಾರ್ಜಿಲಿಂಗ್‌ನಂಥ ಕಡೆ, ನಮ್ಮ ಬಂಗಾರಪೇಟೆ–ಕೋಲಾರ ಮಾರ್ಗದಲ್ಲಿ ಇವು ಏಕೆ ನೆಲೆಯೂರಲಿಲ್ಲ? — ಕೋಲಾರದ ಒಬ್ಬ ಓದುಗರು

ಉತ್ತರ: ಸೋರುತ್ತದೆ. ಸರಿಯಾಗಿ ನೋಡಿಕೊಳ್ಳದ ಇಂಜಿನ್‌ನಲ್ಲಿ ಖಂಡಿತವಾಗಿ ಸೋರುತ್ತದೆ. ನೀವು ಕೇಳಿದ್ದು ಈ ಜಾತಿಯ ಇಂಜಿನ್‌ಗಳ ಮೂಲ ಪ್ರಶ್ನೆಯನ್ನೇ. ಫೇರ್ಲಿ, ಮ್ಯಾಲೆಟ್, ಗ್ಯಾರೆಟ್ ಮೂವರೂ ಉತ್ತರ ಹುಡುಕಿದ್ದು ಒಂದೇ ಸಮಸ್ಯೆಗೆ: ಹಬೆಯ ಕೊಳವೆಯನ್ನು ಎಲ್ಲಿ ಬಗ್ಗಿಸಬೇಕು, ಬಗ್ಗುವ ಜಾಗದಲ್ಲಿ ಎಷ್ಟು ಒತ್ತಡ ಇರಬೇಕು?

ಮೊದಲು, ಬಗ್ಗಿಸುವ ಗೋಜಾದರೂ ಏಕೆ ಎಂಬುದನ್ನು ನೋಡೋಣ. ನ್ಯಾರೋ ಗೇಜ್, ಅಂದರೆ ಕಿರಿದಗಲದ ಹಳಿ, ಹಾಕುವುದೇ ಬೆಟ್ಟದ ಮೈಗೆ ಅಂಟಿಕೊಂಡು ಸಣ್ಣ ತಿರುವುಗಳಲ್ಲಿ ಹತ್ತಲಿ ಎಂದು. ಹಳಿ ಹಗುರ, ಆದ್ದರಿಂದ ಒಂದೊಂದು ಅಚ್ಚಿನ ಮೇಲೆ ಹಾಕಬಹುದಾದ ಭಾರವೂ ಕಡಿಮೆ. ಹೆಚ್ಚು ಎಳೆಯಬೇಕಾದರೆ ಗಾಲಿಗಳು ಜಾರದಷ್ಟು ಭಾರ ಬೇಕು, ಆ ಭಾರಕ್ಕೆ ಹೆಚ್ಚು ಅಚ್ಚು ಬೇಕು. ಆರು ಅಚ್ಚುಗಳನ್ನು ಒಂದೇ ಗಟ್ಟಿ ಚೌಕಟ್ಟಿಗೆ ಕೂರಿಸಿದರೆ ತಿರುವಿನಲ್ಲಿ ಗಾಲಿಯ ಫ್ಲ್ಯಾಂಜ್ (ಒಳಬದಿಯ ಏಣು) ಹಳಿಯನ್ನು ಅರೆಯುತ್ತದೆ, ಕೊನೆಗೆ ಹಳಿ ಹತ್ತಿ ಇಳಿದೇಬಿಡುತ್ತದೆ. ಹಾಗಾಗಿ ಆರನ್ನು ಮೂರು ಮೂರಾಗಿ ಒಡೆದು ಎರಡು ಗಾಲಿಗುಂಪು ಮಾಡಿ, ಪ್ರತಿ ಗುಂಪಿಗೂ ಅದರದೇ ಸಿಲಿಂಡರ್ ಕೊಟ್ಟು, ಬಾಯ್ಲರ್ ಮಾತ್ರ ಒಂದೇ ಇಡುವುದು. ಬಾಯ್ಲರ್ ಒಂದು ಕಡೆ ತಿರುಗಿರುತ್ತದೆ, ಸಿಲಿಂಡರ್ ಇನ್ನೊಂದು ಕಡೆ. ನಡುವೆ ಹಬೆ ದಾಟಬೇಕು.

ಆ ದಾಟುವಿಕೆ ಎಷ್ಟು ಕಷ್ಟದ್ದು ಎಂದು ಒಂದು ಲೆಕ್ಕ ಹಾಕಿ ನೋಡಿ. ಕೊಳವೆಯ ಒಳವ್ಯಾಸ 100 ಮಿ.ಮೀ., ಹಬೆಯ ಒತ್ತಡ ಚದರ ಅಂಗುಲಕ್ಕೆ 180 ಪೌಂಡ್, ಅಂದರೆ ಚದರ ಸೆಂ.ಮೀ.ಗೆ ಸುಮಾರು 12.6 ಕೆ.ಜಿ. ಎಂದಿಟ್ಟುಕೊಳ್ಳಿ. ಕೊಳವೆಯ ಬಾಯಿ 78.5 ಚದರ ಸೆಂ.ಮೀ. ಹತ್ತಿರ ಹತ್ತಿರ ಒಂದು ಟನ್ ಬಲ ಆ ಕೀಲನ್ನು ಬಿಡಿಸಲು ಒಂದೇ ಸಮನೆ ತಳ್ಳುತ್ತಿರುತ್ತದೆ. ಅದನ್ನು ತಡೆಯುವಷ್ಟು ಬಿಗಿ ಇರಬೇಕು, ತಿರುಗಲು ಬಿಡುವಷ್ಟು ಸಡಿಲವೂ ಇರಬೇಕು.

ರಾಬರ್ಟ್ ಫೇರ್ಲಿ 1864ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಅತ್ಯಂತ ನೇರವಾದದ್ದು. ಎರಡು ಬಾಯ್ಲರ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಸೇರಿಸಿದಂತೆ ಒಂದು ಉದ್ದ ಬಾಯ್ಲರ್, ನಡುವೆ ಬೆಂಕಿಪೆಟ್ಟಿಗೆ, ಅಂದರೆ ಕಲ್ಲಿದ್ದಲು ಉರಿಯುವ ಒಲೆ, ಎರಡು ತುದಿಗೂ ಚಿಮಣಿ, ಕೆಳಗೆ ತಿರುಗುವ ಎರಡು ಬೋಗಿಗಳು (ಇಲ್ಲಿ ಬೋಗಿ ಎಂದರೆ ಡಬ್ಬಿಯಲ್ಲ, ತಿರುಗುವ ಗಾಲಿಗುಂಪು). ಡ್ರೈವರ್ ಒಂದು ಮಗ್ಗುಲಲ್ಲಿ, ಫೈರ್‌ಮನ್ ಇನ್ನೊಂದು ಮಗ್ಗುಲಲ್ಲಿ, ಮಧ್ಯೆ ಉರಿಯುವ ಒಲೆ. ವೇಲ್ಸ್‌ನ ಫೆಸ್ಟಿನಿಯಾಗ್ ರೈಲ್ವೆಯ 597 ಮಿ.ಮೀ. ಹಳಿಗೆ 1869ರಲ್ಲಿ ಬಂದ ‘ಲಿಟಲ್ ವಂಡರ್’ ಈ ಬಗೆಯದು. 1870ರ ಪರೀಕ್ಷಾ ಓಟಗಳನ್ನು ನೋಡಲು ಹೊರದೇಶಗಳ ಇಂಜಿನಿಯರುಗಳೂ ಬಂದಿದ್ದರು. ಕಡಿದಾದ ಮಾರ್ಗಕ್ಕೆ ಇದರಲ್ಲಿ ದೊಡ್ಡ ಅನುಕೂಲವೊಂದಿದೆ. 40ಕ್ಕೆ 1ರ ಏರಿನಲ್ಲಿ 3 ಮೀಟರ್ ಉದ್ದದ ಬಾಯ್ಲರ್‌ನ ಒಂದು ತುದಿ ಇನ್ನೊಂದಕ್ಕಿಂತ 75 ಮಿ.ಮೀ. ಮೇಲಿರುತ್ತದೆ. ಬೆಂಕಿಪೆಟ್ಟಿಗೆ ಒಂದು ತುದಿಯಲ್ಲಿದ್ದರೆ ಏರು ಇಳಿವು ಬದಲಾದಾಗಲೆಲ್ಲ ಅದರ ನೆತ್ತಿಯ ಮೇಲಿನ ನೀರು ತೆಳುವಾಗುತ್ತದೆ, ದಪ್ಪವಾಗುತ್ತದೆ. ಫೇರ್ಲಿಯಲ್ಲಿ ಒಲೆ ನಟ್ಟನಡುವೆ ಇರುವುದರಿಂದ ಅಲ್ಲಿ ನೀರಿನ ಮಟ್ಟ ಹೆಚ್ಚುಕಡಿಮೆ ಅಲುಗುವುದಿಲ್ಲ.

ತೊಂದರೆ ಬೇರೆ ಕಡೆ. ಬಾಯ್ಲರ್‌ನ ಪೂರ್ತಿ ಒತ್ತಡದ ಹಬೆ ಎರಡೂ ಬೋಗಿಗಳಿಗೆ ಬಾಗುವ ಕೀಲಿನ ಮೂಲಕವೇ ಹೋಗಬೇಕು. ಮೊದಲ ಪೀಳಿಗೆಯ ಕೀಲುಗಳು ಸೋರಿದವು. ನೀರಿಗೂ ಕಲ್ಲಿದ್ದಲಿಗೂ ಜಾಗ ಸಾಲದು, ಏಕೆಂದರೆ ಇಡೀ ಮೈಯನ್ನು ಬಾಯ್ಲರ್ ನುಂಗಿರುತ್ತದೆ. ಮುಂದೆ ದಾರಿ ತೋರುವ ಸಣ್ಣ ಗಾಲಿಗಳಿಲ್ಲದ ಕಾರಣ ವೇಗ ಹೆಚ್ಚಿದರೆ ಬೋಗಿ ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಆದರೂ ಫೆಸ್ಟಿನಿಯಾಗ್ ತನ್ನ ಫೇರ್ಲಿಗಳನ್ನು ಬಿಟ್ಟುಕೊಟ್ಟಿಲ್ಲ. 1879ರ ‘ಮೆರ್ದಿನ್ ಎಮ್ರಿಸ್’ ಈಗಲೂ ಅಲ್ಲಿದೆ, ‘ಡೇವಿಡ್ ಲಾಯ್ಡ್ ಜಾರ್ಜ್’ ಅನ್ನು ಕಟ್ಟಿದ್ದು 1992ರಲ್ಲಿ.

ಅನಾತೋಲ್ ಮ್ಯಾಲೆಟ್ ಈ ಕೀಲಿನ ಸಮಸ್ಯೆಯನ್ನು ಪಕ್ಕಕ್ಕೆ ಸರಿಸಿದ ಬಗೆ ನಿಜಕ್ಕೂ ಸೊಗಸು. 1884ರ ಅವರ ಪೇಟೆಂಟ್‌ನಲ್ಲಿ ಹಿಂದಿನ ಗಾಲಿಗುಂಪು ಬಾಯ್ಲರ್‌ಗೆ ಗಟ್ಟಿಯಾಗಿ ಅಂಟಿಕೊಂಡಿದೆ, ಮುಂದಿನದು ಮಾತ್ರ ತಿರುಗುತ್ತದೆ. ಪೂರ್ತಿ ಒತ್ತಡದ ಹಬೆ ಹಿಂದಿನ ಚಿಕ್ಕ ಸಿಲಿಂಡರ್‌ಗಳಿಗೆ ಬಗ್ಗದ ಕೊಳವೆಯಲ್ಲೇ ಹೋಗಿ ಅಲ್ಲಿ ಅರ್ಧ ಕೆಲಸ ಮುಗಿಸುತ್ತದೆ. ಸುಸ್ತಾದ ಆ ಹಬೆ ಕೀಲು ದಾಟಿ ಮುಂದಿನ ದೊಡ್ಡ ಸಿಲಿಂಡರ್‌ಗಳಿಗೆ ಹೋಗುತ್ತದೆ. ಒತ್ತಡ ಮೂರನೇ ಒಂದು ಪಾಲಿಗೆ ಇಳಿದಿದ್ದರೆ ಮೇಲೆ ಹೇಳಿದ ಒಂದು ಟನ್ ಬಲ ಮುನ್ನೂರು ಚಿಲ್ಲರೆ ಕೆ.ಜಿ.ಗೆ ಇಳಿಯುತ್ತದೆ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಡಿಕಾವಿಲ್ ಕಂಪನಿಯ 60 ಸೆಂ.ಮೀ. ಹಳಿಯ ಮೇಲೆ ಜನರನ್ನು ಸಾಗಿಸಿದ ಇಂಜಿನ್‌ಗಳಲ್ಲಿ ಇವೂ ಇದ್ದವು. ಗಾಲಿ ಜಾರಿದಾಗ ತಾನಾಗಿ ಸುಧಾರಿಸಿಕೊಳ್ಳುವ ಗುಣವೂ ಇದಕ್ಕಿದೆ: ಮುಂದಿನ ಗುಂಪು ಜಾರಿ ಗಿರ್ರನೆ ತಿರುಗಿದರೆ ನಡುಕೊಳವೆಯ ಹಬೆಯನ್ನು ತಾನೇ ಬರಿದು ಮಾಡಿಕೊಂಡು ಸೋಲುತ್ತದೆ, ಹಿಂದಿನದು ಜಾರಿದರೆ ನಡುಕೊಳವೆಯಲ್ಲಿ ಹಬೆ ತುಂಬಿ ಅದರ ಬೆನ್ನಿಗೇ ಒತ್ತುತ್ತದೆ. ಮಿತಿ ಏನೆಂದರೆ, ಬೆಂಕಿಪೆಟ್ಟಿಗೆ ಇನ್ನೂ ಗಾಲಿಗಳ ಸಂದಿಯಲ್ಲಿ ಅಥವಾ ಅವುಗಳ ಮೇಲೆಯೇ ಕೂರಬೇಕು. ಜೊತೆಗೆ ತಿರುವಿನಲ್ಲಿ ಬಾಯ್ಲರ್‌ನ ಮೂತಿ ಹೊರಕ್ಕೆ ಚಾಚಿಕೊಂಡು ಭಾರವೂ ಹೊರಬದಿಗೆ ಸರಿಯುತ್ತದೆ. ಎರಡಡಿ ಹಳಿಯ ಮೇಲೆ ಅದು ಒಳ್ಳೆಯದಲ್ಲ.

ಹರ್ಬರ್ಟ್ ವಿಲಿಯಂ ಗ್ಯಾರೆಟ್ 1907ರಲ್ಲಿ ಪೇಟೆಂಟ್ ಪಡೆದದ್ದು ಮೂರನೇ ದಾರಿ. ಮಲೆನಾಡಿನವರಿಗೆ ಹೇಳುವುದು ಸುಲಭ. ಉದ್ದ ದಿಮ್ಮಿಯೊಂದನ್ನು ಎರಡು ಟ್ರಾಲಿಗಳ ಮೇಲಿಟ್ಟು ತಿರುವಿನಲ್ಲಿ ಎಳೆದರೆ ಟ್ರಾಲಿಗಳು ಹಳಿಯ ಜೊತೆ ತಿರುಗುತ್ತವೆ, ದಿಮ್ಮಿ ಎರಡರ ನಡುವೆ ನೇರ ಸೇತುವೆಯಂತೆ ನಿಲ್ಲುತ್ತದೆ. ಗ್ಯಾರೆಟ್‌ನಲ್ಲಿ ಬಾಯ್ಲರ್ ಹೊತ್ತ ಚೌಕಟ್ಟೇ ಆ ದಿಮ್ಮಿ. ಮುಂದಿನ ಟ್ರಾಲಿಯ ಮೇಲೆ ನೀರಿನ ತೊಟ್ಟಿ, ಹಿಂದಿನದರ ಮೇಲೆ ಕಲ್ಲಿದ್ದಲು ಮತ್ತು ಇನ್ನಷ್ಟು ನೀರು. ಬಾಯ್ಲರ್ ಕೆಳಗೆ ಗಾಲಿಯೇ ಇಲ್ಲ! ಹಾಗಾಗಿ ಅದನ್ನು ಗಿಡ್ಡವಾಗಿ, ದಪ್ಪವಾಗಿ, ಅಗಲವಾದ ಬೆಂಕಿಪೆಟ್ಟಿಗೆ ಮತ್ತು ಆಳವಾದ ಬೂದಿತಟ್ಟೆ ಇರುವಂತೆ ಮಾಡಬಹುದು. ಎರಡಡಿ ಹಳಿಯಲ್ಲಿ ಫೇರ್ಲಿಗಾಗಲಿ ಮ್ಯಾಲೆಟ್‌ಗಾಗಲಿ ಇಷ್ಟು ಸ್ವಾತಂತ್ರ್ಯ ಸಿಗಲಿಲ್ಲ. ಗ್ಯಾರೆಟ್ ಗೆದ್ದದ್ದು ಕೀಲಿಗಿಂತ ಮಿಗಿಲಾಗಿ ಈ ಬಾಯ್ಲರ್‌ನಿಂದ ಎಂದೇ ನನ್ನ ಅಭಿಪ್ರಾಯ.

ಮೊದಲ ಗ್ಯಾರೆಟ್ ಹುಟ್ಟಿದ್ದೂ ಎರಡಡಿ ಹಳಿಗೆ. ಟ್ಯಾಸ್ಮೇನಿಯಾದ ನಾರ್ತ್ ಈಸ್ಟ್ ಡಂಡಾಸ್ ಟ್ರಾಮ್‌ವೇಗೆಂದು ಬೇಯರ್ ಪೀಕಾಕ್ ಕಂಪನಿ 1909ರಲ್ಲಿ ಕೆ1, ಕೆ2 ಎಂಬ ಎರಡು ಇಂಜಿನ್ ಕಟ್ಟಿತು. ಅವು ಮ್ಯಾಲೆಟ್‌ನಂತೆ ಹಬೆಯನ್ನು ಎರಡು ಬಾರಿ ಬಳಸುತ್ತಿದ್ದವು, ಸಿಲಿಂಡರ್‌ಗಳು ಒಳಮುಖವಾಗಿದ್ದವು. ಕೊಳವೆ ಗಿಡ್ಡವಾಯಿತು, ಆದರೆ ಹಿಂದಿನ ಸಿಲಿಂಡರ್‌ಗಳು ಕ್ಯಾಬ್‌ನ ಕೆಳಗೇ ಬಂದು ಡ್ರೈವರನ್ನು ಬೇಯಿಸುತ್ತಿದ್ದವು. ಮುಂದಿನ ಗ್ಯಾರೆಟ್‌ಗಳಲ್ಲಿ ಸಿಲಿಂಡರ್ ಹೊರತುದಿಗಳಿಗೆ ಹೋದವು. ನೀವು ನೋಡಿದ್ದು ಬಹುಶಃ ವೆಲ್ಷ್ ಹೈಲ್ಯಾಂಡ್ ರೈಲ್ವೆಯಲ್ಲಿ ಓಡುವ ಎನ್‌ಜಿಜಿ 16. ದಕ್ಷಿಣ ಆಫ್ರಿಕಾದ ಎರಡಡಿ ಮಾರ್ಗಗಳಿಗೆ 1937ರಿಂದ 1968ರವರೆಗೆ ಕಟ್ಟಿದ 2-6-2+2-6-2 ಇಂಜಿನ್ ಅದು, ಅಂದರೆ ಪ್ರತಿ ಗುಂಪಿನಲ್ಲಿ ಎಳೆಯುವ ಆರು ಗಾಲಿ, ಅವುಗಳ ಹಿಂದೆ ಮುಂದೆ ಎರಡೆರಡು ಸಣ್ಣ ಗಾಲಿ. 12 ಅಂಗುಲ ವ್ಯಾಸ, 16 ಅಂಗುಲ ಪಿಸ್ಟನ್ ಓಟದ ನಾಲ್ಕು ಸಿಲಿಂಡರ್, 33 ಅಂಗುಲದ ಗಾಲಿ, 180 ಪೌಂಡ್ ಒತ್ತಡ. ಲೆಕ್ಕ ಹಾಕಿದರೆ ಎಳೆಯುವ ಬಲ 21,360 ಪೌಂಡ್, ಅಂದರೆ ಸುಮಾರು 9.7 ಟನ್. ಒಟ್ಟು ತೂಕ ಸುಮಾರು 62 ಟನ್ ಇದ್ದರೂ ಒಂದು ಅಚ್ಚಿನ ಮೇಲೆ ಬೀಳುವುದು 7 ಟನ್‌ನ ಆಸುಪಾಸು.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಬಾಯ್ಲರ್ ಚೌಕಟ್ಟು ಗಾಲಿಗುಂಪುಗಳ ಮೇಲೆ ಕೂತು ತಿರುಗುವ ಎರಡು ತಿರುಗುಗೂಟಗಳ ನಡುವೆ 7 ಮೀಟರ್ ಅಂತರ, ತಿರುವಿನ ತ್ರಿಜ್ಯ 60 ಮೀಟರ್ ಎಂದುಕೊಳ್ಳಿ. ಪ್ರತಿ ಗಾಲಿಗುಂಪು ಬಾಯ್ಲರ್ ಚೌಕಟ್ಟಿಗೆ ಹೋಲಿಸಿದರೆ ತಿರುಗುವುದು ಬರೀ 3.3 ಡಿಗ್ರಿ. ವಿಡಿಯೊದಲ್ಲಿ ಅಷ್ಟು ಬಾಗಿದಂತೆ ಕಾಣುವುದು ಎರಡು ಕಡೆಯದೂ ಕೂಡುವುದರಿಂದ. ಬಾಯ್ಲರ್‌ನ ನಡುಭಾಗ ಹಳಿಯ ನಡುಗೆರೆಯಿಂದ ಸುಮಾರು 10 ಸೆಂ.ಮೀ. ತಿರುವಿನ ಒಳಕ್ಕೆ ಸರಿಯುತ್ತದೆ. ಓಟದ ರಭಸ ಹೊರಕ್ಕೆ ತಳ್ಳುವಾಗ ಭಾರ ಒಳಕ್ಕೆ ವಾಲುವುದರಿಂದ ಇಂಜಿನ್ ಇನ್ನಷ್ಟು ಸ್ಥಿರ.

ಮೂರು ಡಿಗ್ರಿ ತಿರುಗುವ ಕೀಲನ್ನು ಎಲ್ಲಿ ಇಡುತ್ತೀರಿ ಎಂಬುದೇ ಗುಟ್ಟು. ತಿರುಗುಗೂಟದಿಂದ ಅರ್ಧ ಮೀಟರ್ ದೂರದಲ್ಲಿಟ್ಟರೆ ಕೊಳವೆಯ ತುದಿ 29 ಮಿ.ಮೀ. ಪಕ್ಕಕ್ಕೆ ಸರಿಯಬೇಕು, ಹಾಗೆ ಸರಿಯುವ ಕೀಲು ಸವೆದು ಸೋರದೆ ಇರದು. ತಿರುಗುಗೂಟದ ಗೆರೆಯಲ್ಲೇ ಇಟ್ಟರೆ ಪಕ್ಕಕ್ಕೆ ಸರಿಯುವುದೇ ಇಲ್ಲ, ನಿಂತಲ್ಲೇ ಒಂದಿಷ್ಟು ಹೊರಳುತ್ತದೆ, ಅಷ್ಟೆ. ಅದಕ್ಕಾಗಿ ಕೊಳವೆಯ ತುದಿಯಲ್ಲಿ ನುಣ್ಣಗೆ ಕಡೆದ ಗುಂಡು, ಅದು ಕೂರುವ ಬಟ್ಟಲು, ಮೇಲೆ ಪ್ಯಾಕಿಂಗ್ ಸುರುಳಿ, ಅದನ್ನು ಒತ್ತಿಹಿಡಿಯುವ ಗ್ಲ್ಯಾಂಡ್ ಇರುತ್ತವೆ. ನಮ್ಮ ಸೊಂಟದ ಕೀಲಿನ ರಚನೆಯೇ.

ಗುಂಡು ಕೀಲೊಂದೇ ಸಾಲದು. ಹಿಂದಿನ ಸಿಲಿಂಡರ್‌ಗಳಿಗೆ ಹೋಗುವ ಉದ್ದ ಕೊಳವೆ ಬಾಯ್ಲರ್‌ನ ಕೆಳಗೋ ಪಕ್ಕದಲ್ಲೋ ಸಾಗುತ್ತದೆ. 5 ಮೀಟರ್ ಉಕ್ಕಿನ ಕೊಳವೆ 250 ಡಿಗ್ರಿ ಬಿಸಿಯೇರಿದರೆ ಸುಮಾರು 15 ಮಿ.ಮೀ. ಉದ್ದವಾಗುತ್ತದೆ. ಅದಕ್ಕೆ ಒಳಗೆ ಹೊರಗೆ ಜಾರುವ ಇನ್ನೊಂದು ಕೀಲು ಬೇಕು, ಇಲ್ಲದಿದ್ದರೆ ಆ 15 ಮಿ.ಮೀ. ಪೂರ್ತಿ ಗುಂಡಿನ ಮೇಲೆ ಬೀಳುತ್ತದೆ. ಬಳಸಿದ ಹಬೆ ಎರಡೂ ಕಡೆಯಿಂದ ಚಿಮಣಿಗೆ ವಾಪಸು ಬರಬೇಕಲ್ಲ, ಅದಕ್ಕೂ ಇಂಥವೇ ಕೀಲುಗಳಿವೆ. ಆ ಕೊಳವೆ ದಪ್ಪ, ಒತ್ತಡ ಕಡಿಮೆ, ಸಣ್ಣ ಸೋರಿಕೆ ಅಲ್ಲಿ ಅಪಾಯವಲ್ಲ. ಆದರೆ ಒಲೆಯ ಸೆಳೆತ ಕುಗ್ಗಿ, ಹಬೆ ಏರುವುದು ನಿಧಾನವಾಗುತ್ತದೆ.

ಸೋರಿಕೆ ಹುಡುಕುವುದು ಹೀಗೆ. ಇಂಜಿನ್ ಬಿಸಿಯಾಗಿ ನಿಂತಿರಬೇಕು, ಬ್ರೇಕ್ ಬಿಗಿದು, ಗಾಲಿಗೆ ಅಡ್ಡ ಕೊಟ್ಟು, ರಿವರ್ಸರ್ (ಮುಂದೆ ಹಿಂದೆ ಓಡಿಸುವ ಹಿಡಿ) ನಡುವಿನಲ್ಲಿಟ್ಟು ರೆಗ್ಯುಲೇಟರನ್ನು (ಸಿಲಿಂಡರ್‌ಗೆ ಹಬೆ ಬಿಡುವ ಕವಾಟ) ಕೂದಲೆಳೆಯಷ್ಟು ತೆರೆಯಬೇಕು. ಕೈಯನ್ನು ಎಂದಿಗೂ ಹತ್ತಿರ ಒಯ್ಯಬಾರದು. ಕಾದ ಹಬೆ ಬಿರುಕಿನಿಂದ ಹೊರಬಂದ ಮೊದಲ ಕೆಲವು ಅಂಗುಲ ಕಣ್ಣಿಗೆ ಕಾಣುವುದೇ ಇಲ್ಲ. ಬಿಳಿ ಮೋಡ ಕಾಣುವ ಜಾಗ ಸೋರಿಕೆಯ ಜಾಗವಲ್ಲ, ಅದಕ್ಕೂ ಹಿಂದೆ ಬರಿದಾಗಿ ಕಾಣುವ ಗಾಳಿಯಲ್ಲೇ ಚರ್ಮ ಸುಲಿಯುವ ಹಬೆ ಇರುತ್ತದೆ. ಉದ್ದ ಕೋಲಿಗೆ ಬಟ್ಟೆಯ ಚೂರು ಕಟ್ಟಿ ಕೀಲಿನ ಸುತ್ತ ಆಡಿಸಿ, ಬಟ್ಟೆ ಪಟಪಟ ಬಡಿದುಕೊಳ್ಳುವ ಕಡೆ ಗುರುತು ಮಾಡಿಕೊಳ್ಳಿ.

ಸೋರುತ್ತಿದೆ ಎಂದ ಕೂಡಲೇ ಗ್ಲ್ಯಾಂಡ್ ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಅತಿ ಬಿಗಿದ ಗುಂಡು ಕೀಲು ಬ್ರೇಕಿನಂತಾಗುತ್ತದೆ. ತಿರುವು ಮುಗಿದರೂ ಗಾಲಿಗುಂಪು ನೇರವಾಗಲು ಒದ್ದಾಡುತ್ತದೆ, ಒಂದು ಬದಿಯ ಫ್ಲ್ಯಾಂಜ್ ಚೂಪಾಗುತ್ತಾ ಹೋಗುತ್ತದೆ. ಒಂದೇ ಕೀಲು ಮತ್ತೆ ಮತ್ತೆ ಸೋರುತ್ತಿದ್ದರೆ ಮೊದಲು ತಿರುಗುಗೂಟವನ್ನು ನೋಡಬೇಕು. ಗೂಟ ಸವೆದು ಆಟ ಬಂದಿದ್ದರೆ ಬಾಯ್ಲರ್ ಚೌಕಟ್ಟಿನ ಎಳೆತ–ತಳ್ಳಾಟದಲ್ಲಿ ಒಂದು ಪಾಲನ್ನು ಹಬೆ ಕೊಳವೆ ಹೊರುತ್ತಿರುತ್ತದೆ. ಪ್ಯಾಕಿಂಗ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಬೇಯರ್ ಪೀಕಾಕ್ ನಂತರದ ಇಂಜಿನ್‌ಗಳಲ್ಲಿ ಸವೆತವನ್ನು ಬೆಣೆಯಿಂದ ಸರಿದೂಗಿಸಿಕೊಳ್ಳುವ ತಿರುಗುಗೂಟ ತಂದದ್ದು ಇದೇ ಕಾರಣಕ್ಕೆ. ಗೂಟಕ್ಕೆ ಎಣ್ಣೆ ಹೋಗುವ ಸಣ್ಣ ಕೊಳವೆ ಕಟ್ಟಿಕೊಂಡಿದೆಯೇ, ಹಳಿಗೆ ಉದುರಿಸುವ ಮರಳು ಅಲ್ಲಿ ಸೇರಿಕೊಂಡಿದೆಯೇ ಎಂಬುದನ್ನೂ ನೋಡಿ. ಮರಳು, ಎಣ್ಣೆ ಬೆರೆತರೆ ಸಾಣೆ ಹಿಡಿಯುವ ಪೇಸ್ಟ್ ಅದು.

ಪ್ಯಾಕಿಂಗ್ ಬದಲಿಸಲೇಬೇಕೆಂದಾದರೆ ಒತ್ತಡ ಪೂರ್ತಿ ಇಳಿಸಿ, ಇಂಜಿನ್ ತಣ್ಣಗಾದ ಮೇಲೆ ಹಳೆಯ ಸುರುಳಿಗಳನ್ನೆಲ್ಲ ತೆಗೆಯಬೇಕು. ಹಳೆಯದರ ಮೇಲೆ ಹೊಸದೊಂದನ್ನು ತುರುಕಿದರೆ ತಳದಲ್ಲಿ ಗಟ್ಟಿಯಾದ ಸುರುಳಿ ಗುಂಡನ್ನು ಗೀರುತ್ತದೆ. ತುಂಬ ಹಳೆಯ ಇಂಜಿನ್ ಆಗಿದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಕೆರೆಯಬೇಡಿ, ಆ ಕೆಲಸದ ತರಬೇತಿ ಇರುವವರಿಗೇ ಬಿಡಿ. ಈಗ ಹಾಕುವುದು ಗ್ರಾಫೈಟ್ ಸುರುಳಿ. ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಸೇರುಜಾಗ ಇನ್ನೊಂದರ ಮೇಲೆ ಬೀಳದಂತೆ ತಿರುಗಿಸಿ ಕೂರಿಸಬೇಕು. ನಟ್ಟುಗಳನ್ನು ಎದುರುಬದುರಾಗಿ ಬಿಗಿಯುತ್ತಾ ಗ್ಲ್ಯಾಂಡ್‌ನ ಸಂದು ಸುತ್ತಲೂ ಸಮ ಇದೆಯೇ ಎಂದು ಫೀಲರ್ ಪಟ್ಟಿಯಿಂದ ಅಳೆಯಬೇಕು. ಒಮ್ಮೆ ಪೂರ್ತಿ ಬಿಸಿ ಮಾಡಿ, ಒತ್ತಡ ಇಳಿಸಿದ ಮೇಲೆ ಪ್ರತಿ ನಟ್ಟಿಗೂ ಇನ್ನೊಂದು ಮಗ್ಗುಲಷ್ಟು, ಅಂದರೆ ಆರನೇ ಒಂದು ಸುತ್ತು ಕೊಟ್ಟರೆ ಸಾಕು. ಗುಂಡಿನ ಮೈ ಮೇಲೆ ಉಗುರಿಗೆ ತಗಲುವ ಗೀರಿದ್ದರೆ ಯಾವ ಪ್ಯಾಕಿಂಗೂ ನಿಲ್ಲುವುದಿಲ್ಲ, ಅದನ್ನು ಮತ್ತೆ ಕಡೆಸಬೇಕು.

ಓಡಿಸುವಾಗಲೂ ಗ್ಯಾರೆಟ್‌ಗೆ ತನ್ನದೇ ರೀತಿನೀತಿ ಇದೆ. ತಣ್ಣಗಿನ ಇಂಜಿನ್ ಹೊರಡಿಸುವಾಗ ಹಿಂದಿನ ಉದ್ದ ಕೊಳವೆಯಲ್ಲಿ ಹಬೆ ನೀರಾಗಿ ನಿಂತಿರುತ್ತದೆ. ಸಿಲಿಂಡರ್‌ನ ನೀರುತೂಬುಗಳನ್ನು ತೆರೆದಿಟ್ಟು ತೆವಳಿಸಬೇಕು. ಮುಂದಿನವು ಒಣ ಹಬೆ ಉಗುಳತೊಡಗಿದ ಮೇಲೂ ಹಿಂದಿನವು ಕೆಲವು ಸುತ್ತು ನೀರನ್ನೇ ಉಗುಳುತ್ತವೆ. ಮುಂದಿನದನ್ನು ನೋಡಿ ತೂಬು ಮುಚ್ಚಿದರೆ ಹಿಂದಿನ ಸಿಲಿಂಡರ್‌ನ ಮುಚ್ಚಳ ಸೀಳಬಹುದು, ಏಕೆಂದರೆ ನೀರು ಕುಗ್ಗುವುದಿಲ್ಲ.

ಏರಿನಲ್ಲಿ ಎಳೆತದ ಭಾರ ಹಿಂದಕ್ಕೆ ಸರಿದು ಮುಂದಿನ ಗಾಲಿಗುಂಪು ಹಗುರವಾಗುತ್ತದೆ. ಮುಂದಿನ ತೊಟ್ಟಿಯ ನೀರೂ ಖಾಲಿಯಾಗುತ್ತಾ ಬಂದರೆ ಮೊದಲು ಜಾರುವುದು ಅದೇ. ಎರಡು ತೊಟ್ಟಿಗಳನ್ನು ಕೂಡಿಸುವ ಕೊಳವೆ ಇರುವ ಇಂಜಿನ್‌ನಲ್ಲಿ ಏರು ಹತ್ತುವಾಗ ಮುಂದಿನ ನೀರು ಹಿಂದಕ್ಕೆ ಹರಿದು ಈ ತೊಂದರೆ ಇಮ್ಮಡಿಯಾಗುತ್ತದೆ. ಹತ್ತುವ ಮುನ್ನ ನಡುವಿನ ತೂಬು ಮುಚ್ಚುವುದು ಜಾಣತನ. ಒಂದು ಗುಂಪು ಜಾರಿ ಗಿರಗಿರ ತಿರುಗಿದರೆ ಅದು ಹಬೆಯನ್ನು ಸೆಳೆದುಕೊಂಡು ಇನ್ನೊಂದರ ಪಾಲನ್ನೂ ಕಸಿಯುತ್ತದೆ, ಚಿಮಣಿಯ ಸೆಳೆತ ಹೆಚ್ಚಿ ಒಲೆಯ ಬೆಂಕಿ ಹರಿದುಹೋಗುತ್ತದೆ. ರೆಗ್ಯುಲೇಟರ್ ತಗ್ಗಿಸಿ, ಮರಳು ಬಿಟ್ಟು, ಮತ್ತೆ ನಿಧಾನ ತೆರೆಯಬೇಕು.

ವಿಡಿಯೊ ಇನ್ನೊಮ್ಮೆ ಹಾಕಿ ಕಿವಿಗೊಟ್ಟು ಕೇಳಿ. ಎರಡೂ ಗುಂಪುಗಳು ಗಾಲಿಯ ಒಂದು ಸುತ್ತಿಗೆ ನಾಲ್ಕು ನಾಲ್ಕು ಬಾರಿ ಉಸಿರು ಬಿಡುತ್ತವೆ. ಎರಡೂ ಒಟ್ಟಿಗೆ ಬಿದ್ದಾಗ ಗಟ್ಟಿಯಾದ ನಾಲ್ಕು ಹೊಡೆತ, ತಪ್ಪಿದಾಗ ಮೆತ್ತಗಿನ ಎಂಟು. ಇದು ಬಂದು ಹೋಗುತ್ತಾ ಇರುತ್ತದೆ, ಏಕೆಂದರೆ ಎರಡನ್ನೂ ಕಟ್ಟಿಹಾಕಿರುವುದು ಹಳಿ ಮಾತ್ರ. ಒಂದು ಗುಂಪಿನ ಗಾಲಿ ಸವೆದು 838 ಮಿ.ಮೀ. ವ್ಯಾಸದಲ್ಲಿ 3 ಮಿ.ಮೀ. ಕಡಿಮೆಯಾಗಿದ್ದರೆ ಸುಮಾರು 280 ಸುತ್ತಿಗೆ ಅದು ಒಂದು ಸುತ್ತು ಮುಂದೆ ಹೋಗಿರುತ್ತದೆ. ಹೊಡೆತಗಳು ಕಾಲು ಸುತ್ತಿಗೊಮ್ಮೆ ಕೂಡುವುದರಿಂದ, ಗಾಲಿ ಜಾರದಿದ್ದರೆ, ಸುಮಾರು 185 ಮೀಟರಿಗೊಮ್ಮೆ ಸದ್ದು ಗಟ್ಟಿಯಾಗಿ ಮತ್ತೆ ಮೆತ್ತಗಾಗುತ್ತದೆ. ಈ ಅಂತರದಿಂದಲೇ ಗಾಲಿಗಳ ಸವೆತದ ಅಂದಾಜು ಸಿಗುತ್ತದೆ.

ಇನ್ನು ಭಾರತದ ಮಾತು. ಡಾರ್ಜಿಲಿಂಗ್‌ಗೆ ಗ್ಯಾರೆಟ್ ಬಂದಿತ್ತು, ಅದೂ ಬಹಳ ಬೇಗ. ಟ್ಯಾಸ್ಮೇನಿಯಾದ ಜೋಡಿಯ ಬೆನ್ನಿಗೇ, 1911ರ ಹೊತ್ತಿಗೆ, ಬೇಯರ್ ಪೀಕಾಕ್‌ನ 0-4-0+0-4-0 ಇಂಜಿನ್ ಒಂದು ಅಲ್ಲಿಗೆ ತಲುಪಿತು. ‘ಡಿ’ ವರ್ಗ ಎಂದು ಕರೆದರು. ಆದರೆ ಎರಡನೆಯದು ಬರಲೇ ಇಲ್ಲ, ಆ ಮಾರ್ಗ ನಡೆದದ್ದು 15 ಟನ್ ಆಸುಪಾಸಿನ ಪುಟ್ಟ ‘ಬಿ’ ವರ್ಗದ ಇಂಜಿನ್‌ಗಳ ಬಲದಲ್ಲಿ. ನನ್ನ ತಿಳಿವಳಿಕೆಯಲ್ಲಿ ಇದು ಮಾರ್ಗದ ಸ್ವಭಾವಕ್ಕೆ ಸಂಬಂಧಿಸಿದ್ದು. ಅಲ್ಲಿ ರೈಲು ಮುಂದೆ ಹೋಗಿ ಹಿಂದೆ ಸರಿದು ಹತ್ತುವ ಝಿಗ್‌ಝಾಗ್‌ಗಳಿವೆ, ಅಗೊನಿ ಪಾಯಿಂಟ್‌ನ ತಿರುವಿನ ತ್ರಿಜ್ಯ 18 ಮೀಟರ್ ಮಾತ್ರ. ಝಿಗ್‌ಝಾಗ್‌ನ ತುದಿಯಲ್ಲಿ ಎಷ್ಟು ಉದ್ದ ಹಳಿ ಇದೆಯೋ ರೈಲೂ ಅಷ್ಟೇ ಉದ್ದ ಇರಬೇಕು. ಇಮ್ಮಡಿ ಎಳೆಯುವ ಇಂಜಿನ್ ತಂದರೂ ಇಮ್ಮಡಿ ಡಬ್ಬಿ ಹಿಡಿಸುವುದಿಲ್ಲ. ಸಣ್ಣ ಇಂಜಿನ್‌ಗಳ ಗಿಡ್ಡ ರೈಲುಗಳನ್ನು ಒಂದರ ಹಿಂದೊಂದು ಬಿಡುವುದೇ ಅಲ್ಲಿಗೆ ಹೊಂದಿತು.

ಕಾಲ್ಕಾ–ಶಿಮ್ಲಾ ಮಾರ್ಗಕ್ಕೆ 1928ರಲ್ಲಿ ಕಿಟ್ಸನ್–ಮೇಯರ್ ಬಗೆಯ ಇಂಜಿನ್‌ಗಳು ಬಂದವು. ಅದು ಬಾಯ್ಲರ್ ಅಡಿಯ ಎರಡೂ ಬೋಗಿಗಳು ತಿರುಗುವ, ಫೇರ್ಲಿ ಮತ್ತು ಗ್ಯಾರೆಟ್ ನಡುವಿನ ತಳಿ. ಮಾಥೇರಾನ್‌ನಲ್ಲಿ ಇನ್ನೂ ಬೇರೆಯದೇ ಉಪಾಯ: ಜರ್ಮನಿಯ ಓರೆನ್‌ಸ್ಟೈನ್ ಕೊಪೆಲ್ ಕಂಪನಿಯ ಆರು ಗಾಲಿಯ ಇಂಜಿನ್‌ಗಳಲ್ಲಿ ಚೌಕಟ್ಟು ಬಾಗುವುದಿಲ್ಲ, ಅಚ್ಚು ಹೊರಳುತ್ತದೆ. ಗಾಲಿಗಳು ಟೊಳ್ಳು ಅಚ್ಚಿಗೆ ಅಂಟಿರುತ್ತವೆ. ಅದರೊಳಗೆ ಗಟ್ಟಿ ಅಚ್ಚೊಂದಿದ್ದು ನಡುವೆ ಗುಂಡಿನಾಕಾರದ ಕೀಲಿರುತ್ತದೆ, ತಿರುವಿನಲ್ಲಿ ಹೊರಗಿನ ಟೊಳ್ಳು ಅಚ್ಚು ಗಾಲಿಗಳೊಂದಿಗೆ ಓರೆಯಾಗುತ್ತದೆ. ಕ್ಲೀನ್–ಲಿಂಡ್ನರ್ ಅಚ್ಚು ಎಂದು ಇದರ ಹೆಸರು. ಇಲ್ಲಿ ಹಬೆ ಬಾಗುವ ಕೀಲನ್ನು ದಾಟುವ ಪ್ರಶ್ನೆಯೇ ಇಲ್ಲ. ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ಅಂಥದೊಂದು ಇಂಜಿನ್ ಇದೆ, ಹೋದರೆ ಬಗ್ಗಿ ಅಚ್ಚಿನ ನಡುವನ್ನು ನೋಡಿ.

ನಿಮ್ಮ ಊರಿನ ಎರಡೂವರೆ ಅಡಿ ಹಳಿಗೆ ಇದ್ಯಾವುದರ ಅಗತ್ಯವೂ ಬೀಳಲಿಲ್ಲ. ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಚಿಕ್ಕಬಳ್ಳಾಪುರದ ಕಡೆಗೆ ಸಾಗಿದ ಆ ಮಾರ್ಗ ಬಯಲುಸೀಮೆಯ ಕೆರೆ, ಹೊಲಗಳ ನಡುವಿನದು. ನಂದಿ ಬೆಟ್ಟದ ಬುಡದಲ್ಲಿ ಹಾದುಹೋಗುತ್ತಿತ್ತೇ ಹೊರತು ಬೆಟ್ಟ ಹತ್ತುತ್ತಿರಲಿಲ್ಲ. ಕೆಲವೇ ಡಬ್ಬಿಗಳ ರೈಲಿಗೆ ಒಂದೇ ಚೌಕಟ್ಟಿನ ಸಾಮಾನ್ಯ ಇಂಜಿನ್ ಧಾರಾಳವಾಗಿ ಸಾಕು. ಅಲ್ಲಿ ಗ್ಯಾರೆಟ್ ತಂದಿದ್ದರೆ ಎರಡರಷ್ಟು ಸಿಲಿಂಡರ್, ಎರಡರಷ್ಟು ವಾಲ್ವ್, ಮೇಲೆ ಹೇಳಿದ ಅಷ್ಟೂ ಕೀಲುಗಳ ಚಾಕರಿ ಮೈಮೇಲೆ ಬೀಳುತ್ತಿತ್ತು, ಎಳೆಯಲು ಮಾತ್ರ ಅಷ್ಟು ಭಾರ ಇರುತ್ತಿರಲಿಲ್ಲ.